ಬೈಗುಳ ನಿಂತ ಹತ್ತು ವಾರ

ಎರಡು ಸಾವಿರ ಮನೆಗಳಿಗೆ ಟೀವಿ ತಲುಪಿಸುವ ಆ ಆಫೀಸಿನ ಒಡತಿಯನ್ನು ಎಲ್ಲರೂ ಕೇಬಲ್ ಅಕ್ಕ ಎಂದೇ ಕರೆಯುತ್ತಿದ್ದರು. ಪ್ರವಾಹವೋ ವಿಷಗಾಳಿಯೋ ಬಂದರೆ ಎಲ್ಲ ಚಾನೆಲ್‌ಗಳನ್ನೂ ತಡೆದು ಪರದೆ ಮೇಲೆ ಎಚ್ಚರಿಕೆ ಮೂಡಬೇಕು, ಇದು ಸರ್ಕಾರದ ನಿಯಮ. ಅದಕ್ಕೆಂದೇ ಒಂದು ಪೆಟ್ಟಿಗೆ; ಪ್ರತಿ ಬುಧವಾರ ಅದರ ಪರೀಕ್ಷೆ. ಪರೀಕ್ಷೆ ನಡೆಸಿ ಪುಸ್ತಕದಲ್ಲಿ ಬರೆಯುವವನು ಅಕ್ಕನ ತಮ್ಮ, ಸಹಿ ಹಾಕುವವಳು ಅಕ್ಕ.

ಸೋಮವಾರ ತಪಾಸಣೆಯವರು ಬರುತ್ತಾರೆಂದು ಪುಸ್ತಕ ತಿರುವುತ್ತಿದ್ದವಳಿಗೆ ಯಾಕೋ ಕಸಿವಿಸಿಯಾಯಿತು. ಹತ್ತು ವಾರದ ಬರಹವೂ ಒಂದೇ ಪೆನ್ನು, ಒಂದೇ ಓರೆ. ಇಡೀ ದಿನ ಕೇಬಲ್ಲೇ ಬಂದ್ ಆಗಿದ್ದ ಬುಧವಾರವೂ 'ಪರೀಕ್ಷೆ ಯಶಸ್ವಿ'ಯಂತೆ! ಅದೂ ಹೋಗಲಿ. ಧಾರಾವಾಹಿಯ ನಡುವೆ ಪರೀಕ್ಷೆಯ ಎಚ್ಚರಿಕೆ ಬಂದು ಪರದೆ ಕೆಂಪಾದರೆ ಈ ಜನ ಸುಮ್ಮನಿರುವವರೇ? ಫೋನ್ ಮಾಡಿ ಏಳು ತಲೆಮಾರು ಜಾಲಾಡುತ್ತಾರೆ. ಹತ್ತು ವಾರದಿಂದ ಒಬ್ಬರೂ ಬೈದಿಲ್ಲ. ಸದ್ಯ, ಕಾಟ ತಪ್ಪಿತು ಎಂದು ಇಷ್ಟು ದಿನ ಖುಷಿಪಟ್ಟ ತನ್ನ ಬುದ್ಧಿಗೆ ಅವಳೇ ಶಾಪ ಹಾಕಿಕೊಂಡಳು.

"ಏನೋ, ಪರೀಕ್ಷೆ ಸರಿಯಾಗಿ ಹೋಗ್ತಿದೆ ತಾನೆ?" ಒಳಗೆ ಬಂದ ತಮ್ಮನನ್ನು ಕೇಳಿದಳು.

"ಹೋಗ್ತಿದೆ ಅಕ್ಕ. ನಾನೇನು ತಂತಿ ಕಿತ್ತಿಟ್ಟಿದೀನಾ?"

ತಂತಿಯ ಮಾತು ಎತ್ತಿದವರು ಯಾರಪ್ಪಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕ ಎದ್ದು ಪೆಟ್ಟಿಗೆಯ ಹಿಂದೆ ಕೈ ಹಾಕಿದಳು. ಎಚ್ಚರಿಕೆಯನ್ನು ಚಾನೆಲ್‌ಗಳಿಗೆ ಒಯ್ಯುವ ತಂತಿ ಕಿತ್ತುಬಂದು, ದೂಳು ಹಿಡಿದು ನೇತಾಡುತ್ತಿತ್ತು.

"ಬೈಸ್ಕೊಂಡು ಬೈಸ್ಕೊಂಡು ಸಾಕಾಗಿತ್ತು ಅಕ್ಕ. ನಿಜವಾದ್ದು ಬಂದ್ರೆ ಪೆಟ್ಟಿಗೆ ಕೂಗತ್ತೆ, ಆಗ ಸಿಕ್ಕಿಸಿದ್ರಾಯ್ತು ಅಂದ್ಕೊಂಡೆ."

"ಕೂಗ್ದಾಗ ನೀನೆಲ್ಲಿ ಯಾವ ಕಂಬದ ಮೇಲಿರ್ತೀಯೋ!"

"ಇದುವರೆಗೂ ಏನೂ ಬಂದಿಲ್ವಲ್ಲ..."

ಆ ಮಾತನ್ನೂ ಅಕ್ಕ ನಂಬಲಿಲ್ಲ. ತಂತಿ ಇರಲಿ ಬಿಡಲಿ, ಸರ್ಕಾರದಿಂದ ಬಂದದ್ದನ್ನೆಲ್ಲ ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ. ಗುಂಡಿ ಒತ್ತಿದಳು. ಪರೀಕ್ಷೆ, ಪರೀಕ್ಷೆ, ಪರೀಕ್ಷೆ. ನಡುವೆ ಬೇರೆಯೇ ಒಂದು ಸಾಲು: ಕಳೆದ ತಿಂಗಳ ಹದಿನೇಳು, ಮಧ್ಯಾಹ್ನ ಎರಡೂ ಹತ್ತು. ಕಾರ್ಖಾನೆಯಿಂದ ಅನಿಲ ಸೋರಿಕೆ. ಬಾಗಿಲು, ಕಿಟಕಿ ಮುಚ್ಚಿ ಒಳಗೇ ಇರಿ. ಪೆಟ್ಟಿಗೆ ಕೂಗಿದ್ದು ಊಟದ ಹೊತ್ತಿನಲ್ಲಿ, ಬೀಗ ಹಾಕಿದ ಆಫೀಸಿನೊಳಗೆ.

ತಮ್ಮ ಬಗ್ಗಿ ಆ ಸಾಲನ್ನು ಎರಡು ಸಲ ಓದಿದ. ಆ ಸಂಜೆ ಉಸಿರಿಗಾಗಿ ಒದ್ದಾಡುತ್ತಿದ್ದ ಅಮ್ಮನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಅವನೇ. ಒಂದು ಮುನ್ಸೂಚನೆ ಕೊಡಲಿಲ್ಲವಲ್ಲ ಎಂದು ಅಧಿಕಾರಿಗಳಿಗೆ ಹಿಡಿಶಾಪ ಹಾಕಿದವನೂ ಅವನೇ. ಅಮ್ಮನಿಗೆ ಇವತ್ತಿಗೂ ಆಕ್ಸಿಜನ್ ಇಲ್ಲದೆ ರಾತ್ರಿ ನಿದ್ದೆಯಿಲ್ಲ.

"ಅಮ್ಮ ಆವತ್ತು ಮಲಗಿದ್ಲೇನೋ ಅಕ್ಕ. ಟೀವಿ ನೋಡ್ತಿರ್ಲಿಲ್ವೇನೋ."

ಅಕ್ಕನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಅಪ್ಪಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಕಿಟಕಿ ತೆಗ್ದಿಟ್ಟು ಟೀವಿ ಮುಂದೇನೇ ಕೂತಿದ್ಲು ಕಣೋ," ಎಂದಳು.

ಅವನು ಮುಖ ಮುಚ್ಚಿಕೊಂಡ. "ಯಾರಿಗೂ ಹೇಳ್ಬೇಡ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

"ಸಹಿ ನಂದು. ತಪಾಸಣೆಯವರಿಗೆ ನಾನೇ ಹೇಳ್ತೀನಿ," ಅಕ್ಕ ಪುಸ್ತಕ ಮುಚ್ಚಿದಳು. "ಅಮ್ಮನಿಗೆ ನೀನು ಹೇಳು."