ಸರೋವರದ ತಳದ ಮಣ್ಣು

ಅವತ್ತು ಬೆಳಿಗ್ಗೆ ಪುಸುಕ್ ಬುಹಿತ್ ಬೆಟ್ಟದ ನೆತ್ತಿ ಮಾತ್ರ ಬಿಸಿಲಲ್ಲಿತ್ತು. ಕೆಳಗೆ ತೋಬಾ ಸರೋವರದ ಮೇಲೆ ಮಂಜು ಅಲುಗಾಡದೆ ಕೂತಿತ್ತು. ಹಿರಿಯರ ಎಲುಬು ಮೇಲೆತ್ತಿ ಹೊಸ ಗೋರಿಗೆ ಸೇರಿಸುವುದಕ್ಕೆ ದೇವರೇ ಆರಿಸಿಕೊಟ್ಟ ದಿನ ಎಂದರು ಊರವರು.

ಅಂಗಳದಲ್ಲಿ ಹೆಂಗಸರು ಎಲುಬುಗಳನ್ನು ಅರಿಸಿನ, ನಿಂಬೆರಸದಲ್ಲಿ ತೊಳೆಯುತ್ತಿದ್ದರು. ಲಾಮ್ರಿಯಾಳ ಮಡಿಲಲ್ಲಿ ಗಂಡನ ತಲೆಬುರುಡೆ.

"ನಮ್ಮಣ್ಣನ ಹಲ್ಲು ನೋಡಿ ಅತ್ತಿಗೆ," ನಾದಿನಿ ರೋತುವಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಸತ್ತ ಮೇಲೂ ಹಂದಿಮಾಂಸ ಎಲ್ಲಿ ಅಂತ ಕೇಳೋ ಹಂಗಿದೆ!"

"ಬದುಕಿದ್ದಾಗಲೂ ಅದೇ ಕಥೆ ತಾನೆ," ಎಂದಳು ಲಾಮ್ರಿಯಾ. ನಗು ತುಟಿಯವರೆಗೆ ಬಂದು ಅಲ್ಲೇ ನಿಂತಿತು.

ಗಂಡ ಸಿಕ್ಕಿದ್ದ. ಮಗ ಸಹಲಾ ಸಿಕ್ಕಿರಲಿಲ್ಲ. ಸರೋವರದ ತಳದ ಕೆಸರು ತೆಗೆದು ಪರೀಕ್ಷೆ ಮಾಡುವ ಕೆಲಸ ಅವನದು. ಗಾಳಿಗೆ ದೋಣಿ ಮಗುಚಿ ಆ ತಳಕ್ಕೇ ಹೋಗಿಬಿಟ್ಟ. ಅಲ್ಲಿನ ತಣ್ಣೀರು ಯಾರನ್ನೂ ಮೇಲಕ್ಕೆ ಬಿಡುವುದಿಲ್ಲ. ಸತ್ತವನಿಗೆ ಸೋದರಮಾವ ಉಲೋಸ್ ಎಂಬ ನೇಯ್ದ ವಸ್ತ್ರ ಹೊದಿಸಬೇಕು. ಇಲ್ಲದಿದ್ದರೆ ಹಿರಿಯರ ಜೊತೆ ಜಾಗವಿಲ್ಲ. ದೇಹವೇ ಸಿಗದ ಸಾವೆಂದು ಅವಳ ತಮ್ಮ ಮಂಗಿಹುತ್ ಅಂದು ಏನೂ ಹೊದಿಸಿರಲಿಲ್ಲ. ಇಂದು ಗೋರಿ ಮುಚ್ಚಿದರೆ ಮಗ ಎಂದೆಂದಿಗೂ ಹೊರಗೇ.

ಅವಳು ಎದ್ದು ಈರುಳ್ಳಿ ಹೊಲಕ್ಕೆ ಹೋದಳು. ಹಿಟ್ಟಿನಷ್ಟು ನುಣುಪಾದ ಬಿಳಿ ಮಣ್ಣನ್ನು ಅಗೆದು, ಬುಟ್ಟಿಯಲ್ಲಿ ತಂದು ಎಲುಬುಗಳ ಪಕ್ಕ ಇಟ್ಟಳು.

"ಇದೇನಕ್ಕ?" ಎಂದ ಮಂಗಿಹುತ್.

"ಸಹಲಾ."

"ಹುಚ್ಚು ಹಿಡೀತಾ ನಿಂಗೆ? ಮಣ್ಣಿಗೆ ಉಲೋಸ್ ಹೊದಿಸಿದ್ರೆ ಊರು ನಗಲ್ವಾ? ಅವನು ಮುಳುಗಿದ್ದು ನೀರಲ್ಲಿ, ನಿನ್ನ ಈರುಳ್ಳಿ ಪಾತೀಲಲ್ಲ."

ಲಾಮ್ರಿಯಾ ದನಿ ಏರಿಸಲಿಲ್ಲ. "ಅವನೇ ಹೇಳಿದ್ದು ಕಣೋ, ಅದೇ ಹೊಲದಲ್ಲಿ ಕೂತ್ಕೊಂಡು. ಇಲ್ಲೊಂದು ಭಾರೀ ಬೆಂಕಿಬೆಟ್ಟ ಇತ್ತಂತೆ. ಹೊಟ್ಟೇಲಿರೋದನ್ನೆಲ್ಲ ಉಗುಳಿ, ಟೊಳ್ಳಾಗಿ ಕುಸಿದು ಕೂತ್ಕೊಂತಂತೆ. ಆ ಗುಂಡೀಲಿ ನಿಂತ ನೀರೇ ಈ ಸರೋವರ. ಆಮೇಲೆ ಅಡಿಯ ಬೆಂಕಿ ಸರೋವರದ ತಳಾನೇ ಮೇಲಕ್ಕೆತ್ತಿತು. ನಾವು ಮನೆ ಕಟ್ಟಿರೋದು ಅದರ ಮೇಲೆ. ಎದುರಿನ ಬೆಟ್ಟ, ಆ ಬೆಂಕಿ ಕೊನೇಲಿ ಉಕ್ಕಿ ಹೆಪ್ಪುಗಟ್ಟಿದ್ದು. ಈ ಬಿಳಿ ಮಣ್ಣು ನೀರಲ್ಲಿ ಬದುಕಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳ ಚಿಪ್ಪು. ಎಲ್ಲಾ ಸತ್ತು ತಳಕ್ಕಿಳಿದವು."

"ಸರಿ, ಅದಕ್ಕೆ?"

"ಅವನು ಮಲಗಿರೋ ಹಾಸಿಗೇನೇ ಇದು. ಒಂದು ಅಂಚು ಅಲ್ಲಿ ನೀರಡಿ, ಒಂದು ಅಂಚು ಇಲ್ಲಿ." ಅವಳು ಬೆಟ್ಟದ ಕಡೆ ನೋಡಿದಳು. "ಎತ್ತೋ ಬೆಂಕಿ ಆರಿಹೋಯ್ತಲ್ಲೋ ತಮ್ಮ. ಇನ್ನು ಅವನು ಮೇಲಕ್ಕೆ ಬರಲ್ಲ. ಅದಕ್ಕೇ ಹಾಸಿಗೆಯ ಈ ತುದಿನಾದ್ರೂ ಹಿಡ್ಕೊಂಡು ಬಂದೆ."

ರೋತುವಾಳ ಕೈಯಲ್ಲಿ ನಿಂಬೆಯ ಹೋಳು ಹಾಗೇ ಉಳಿಯಿತು. ಯಾರೂ ನಗಲಿಲ್ಲ.

ಮಂಗಿಹುತ್ ಬುಟ್ಟಿಯ ಮುಂದೆ ಕೂತು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದ. ಅವನ ತುಟಿ ಸೋದರಳಿಯನ ಹೆಸರು ಹೇಳಿದ ಹಾಗೆ ಅಲುಗಿತು. ಆಮೇಲೆ ತನ್ನ ಹೆಗಲ ಮೇಲಿದ್ದ ಉಲೋಸ್ ತೆಗೆದು, ಎರಡೂ ಕೈಯಿಂದ ಬುಟ್ಟಿಗೆ ಹೊದಿಸಿ, ಚಳಿ ತಾಗಬಾರದೆಂಬಂತೆ ಅಂಚುಗಳನ್ನು ಒಂದೊಂದಾಗಿ ಒಳಕ್ಕೆ ಸೇರಿಸಿದ.