ತರಂಗಿಲ್‌ನ ಹತ್ತೊಂಬತ್ತನೆಯ ಆಟಗಾರ

ತರಂಗಿಲ್ ಫುಟ್‌ಬಾಲ್ ಕ್ಲಬ್ಬಿನಂಥದ್ದು ಆಸ್ಟ್ರೇಲಿಯಾದಲ್ಲಿ ಇನ್ನೊಂದಿರಲಿಲ್ಲ. ಇತ್ತು ಎನ್ನುವವರು ಸುಳ್ಳುಗಾರರು. ನಮ್ಮ ಮೊದಲ ನಾಯಕ ಶನಿವಾರ ಒದ್ದ ಚೆಂಡು ಸೋಮವಾರ ಗೋಧಿ ಕಣಜದ ಹಿಂದೆ ಬಂದು ಬಿತ್ತು. ನಮ್ಮಜ್ಜ ಮುರಿದ ಕಾಲಿನಲ್ಲೇ ಎರಡು ಗೋಲು ಹೊಡೆದ. ಮುರಿದದ್ದು ಯಾರ ಕಾಲು ಎಂದು ನಾನು ಕೇಳಲಿಲ್ಲ.

ಅರವತ್ತೆರಡು ವರ್ಷ ಹೀಗೆ ಮೆರೆದ ಮೇಲೆ, ಎಪ್ಪತ್ತೊಂದನೇ ಇಸವಿಯಲ್ಲಿ ನಾನು, ಲಿಂಡ್ಸೆ ಪ್ರೀಟ್ಜ್, ನಾಯಕನಾದೆ. ಅಷ್ಟು ಹೊತ್ತಿಗೆ ಊರಲ್ಲಿ ಕುರಿಗಳಿದ್ದವು, ಹುಡುಗರಿರಲಿಲ್ಲ. ಮೂರು ವರ್ಷದಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಲೀಗಿನವರು ಹೇಳಿಬಿಟ್ಟರು: ಆಗಸ್ಟಿನ ಕೊನೆಯ ಪಂದ್ಯ ಗೆದ್ದರೆ ಉಳಿಯಿರಿ, ಇಲ್ಲವಾದರೆ ಯೆನ್ನಾಪ್ ಕ್ಲಬ್ಬಿನೊಳಗೆ ಸೇರಿಹೋಗಿ. ಯೆನ್ನಾಪ್! ಹನ್ನೆರಡು ಮೈಲಿಯಾಚೆಯ ಆ ಊರಿನ ನಾಯಿಯನ್ನೂ ನಾವು ಮಾತಾಡಿಸುತ್ತಿರಲಿಲ್ಲ. ಪಂದ್ಯವೂ ಅವರ ಮೇಲೆಯೇ.

ನಮ್ಮ ಆಸ್ಟ್ರೇಲಿಯನ್ ಫುಟ್‌ಬಾಲಿಗೆ ಒಂದೊಂದು ಕಡೆಗೆ ಹದಿನೆಂಟು ಜನ ಬೇಕು. ನಾವಿದ್ದದ್ದು ಹದಿನೇಳು. ಹದಿನೆಂಟನೆಯವನು ಕುರಿಯ ಉಣ್ಣೆ ಕತ್ತರಿಸಲು ಬಗ್ಗಿದವನು ಇನ್ನೂ ಎದ್ದಿರಲಿಲ್ಲ. ಮಳೆಗೆ ಮೈದಾನ ಕೆಸರಾಗಿ, ಅರ್ಧ ಗಂಟೆಯಲ್ಲಿ ಹೆತ್ತ ತಾಯಿಗೂ ಮಗನ ಮುಖ ಗುರುತು ಸಿಗದಂತಾಯಿತು. ಹದಿನೇಳು ಜನ ಪ್ರಾಣದ ಹಂಗು ಬಿಟ್ಟು ಓಡಿದೆವು. ನಾನಂತೂ ಏಕಕಾಲಕ್ಕೆ ಮೂರು ಕಡೆ ಇದ್ದೆ.

ಕೊನೆಯ ನಿಮಿಷ. ಒಂದೇ ಒಂದು ಅಂಕ ಹಿಂದಿದ್ದೆವು. ಆಗ ಯೆನ್ನಾಪ್ ನಾಯಕ ಡೌಗಲ್ ಮೆಕ್‌ಕ್ರೇ ಅಂಪೈರಿನ ಮುಂದೆ ಕೈಯೆತ್ತಿ ಆಟ ನಿಲ್ಲಿಸಿದ.

"ತಲೆ ಎಣಿಸಿ ಸ್ವಾಮಿ! ಇವ್ರು ಹತ್ತೊಂಬತ್ತು ಜನ ಆಡ್ತಿದಾರೆ!"

ಒಬ್ಬ ಹೆಚ್ಚಿದ್ದರೂ ನಮ್ಮ ಅಂಕಗಳೆಲ್ಲ ಸೊನ್ನೆ. ಆರೋಪ ಸುಳ್ಳಾದರೆ ಅವರಿಗೆ ದಂಡ: ನಮ್ಮ ನಾಯಕನಿಗೆ, ಅಂದರೆ ನನಗೆ, ಗೋಲಿನತ್ತ ತಡೆಯಿಲ್ಲದ ಒಂದು ಒದೆತ.

"ಡೌಗಲ್, ನಿಮ್ಮೂರ ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರೇ ಇರ್ಲಿಲ್ವೇನೋ?" ಎಂದೆ.

"ಬಾಯ್ಮುಚ್ಕೊಂಡು ಸಾಲಲ್ಲಿ ನಿಲ್ಲೋ, ಲಿಂಡ್ಸೆ."

ಅಂಪೈರ್ ಒಬ್ಬೊಬ್ಬರ ಎದೆ ತಟ್ಟಿ ಎಣಿಸಿದ. ಹದಿನೇಳು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದ. ಹದಿನೇಳೇ.

"ಹಾಗಾದ್ರೆ ಮಧ್ಯಾಹ್ನದಿಂದ ನನ್ನ ತುಳೀತಿರೋರು ಯಾರಯ್ಯಾ?" ಎಂದ ಡೌಗಲ್.

ಚೆಂಡು ನನ್ನ ಕೈಗೆ ಬಂತು. ನಲವತ್ತು ಗಜ ದೂರ. ಎರಡು ಎತ್ತರದ ಕಂಬಗಳ ನಡುವೆ ಹೋದರೆ ಆರು ಅಂಕ; ಕಂಬಕ್ಕೆ ತಾಗಿದರೆ ಒಂದು. ಮಾಂಸದ ಪೈ ತಿಂಡಿ ಮಾರುವ ಕಿಟಕಿಯಿಂದ ನನ್ನ ಹೆಂಡತಿ ತೆಲ್ಮಾ ಕೂಗಿದಳು: "ಜಂಬ ಆಮೇಲೆ ಕೊಚ್ಕೋ, ಮೊದ್ಲು ಒದಿ!"

ಒದ್ದೆ. ಅಂಥ ಒದೆತವನ್ನು ನೀವು ಕಂಡಿರಲಾರಿರಿ. ಆಕಾಶದ ಗಿಳಿಗಳು ಪಕ್ಕಕ್ಕೆ ಸರಿದು ದಾರಿಬಿಟ್ಟವು. ಚೆಂಡು ಹೋಗಿ ಕಂಬಕ್ಕೆ ಬಡಿಯಿತು. ಆಟ ಮುಗಿಯಿತೆಂದು ಸೈರನ್ ಕೂಗಿತು. ಆ ಕಂಬ ನಾಲ್ಕಿಂಚು ಒಳಗಿತ್ತು ಎಂದು ಇವತ್ತಿಗೂ ವಾದಿಸುತ್ತೇನೆ. ಪಂದ್ಯ ಸಮ. ಸಮ ಎಂದರೆ ಗೆಲುವಲ್ಲ.

ಮೈದಾನದ ಸುತ್ತ ನಿಂತ ಕಾರುಗಳು ಗೋಲಾದಾಗ ಮಾತ್ರ ಹಾರ್ನ್ ಬಾರಿಸುವುದು ನಮ್ಮ ಪದ್ಧತಿ. ಆವತ್ತು ಗೋಲಿಲ್ಲದೆಯೂ ಒಂದು ಹಾರ್ನ್ ಮೊಳಗಿತು, ಆಮೇಲೆ ಇನ್ನೊಂದು, ಕೊನೆಗೆ ಊರಿಗೆ ಊರೇ. ನಾನು ಕೆಸರಲ್ಲಿ ಕೂತು ಅತ್ತೆ. ಅಳುವುದರಲ್ಲೂ ಜಿಲ್ಲೆಗೇ ಮೊದಲಿಗ ನಾನು. ಕಾರುಗಳ ಬ್ಯಾಟರಿ ಸತ್ತ ಮೇಲೆಯೇ ಸದ್ದು ನಿಂತದ್ದು.

ಇನ್ನು ಒಂದು ಕಾರೂ ಮಿಸುಕದು. "ಬನ್ರೋ, ತಳ್ಳಿ," ಎಂದು ಡೌಗಲ್ ತನ್ನವರನ್ನು ಕರೆದ. "ಮುಂದಿನ ವರ್ಷದಿಂದ ನಮ್ಮೋರೇ ಅಲ್ವಾ."

ನನ್ನ ಕಾರನ್ನು ಅವನೇ ತಳ್ಳಿದ. "ಏನೋ ಇದು, ಆನೆ ಕೂರಿಸ್ಕೊಂಡಿದೀಯಾ?" ಎಂದು ಏದುಸಿರು ಬಿಟ್ಟ. ಗೇಟು ಬರುವ ತನಕ ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಆ ಮೈದಾನ ಬಿಟ್ಟುಹೋಗಲು ನನಗೇನೂ ಅವಸರವಿರಲಿಲ್ಲ.