ಮಂಜುಗಣ್ಣಿನ ದುರ್ಬೀನು

ಶೇವಂತಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಾಳೆ. ಗಾಜಿಗೆ ಬಾಯಿಯ ಹಬೆ ಊದಿ, ಅಪ್ಪನ ಹಳೇ ಲುಂಗಿಯ ಚೂರಿನಿಂದ ಮೊದಲು ಬಲಗಡೆ, ಆಮೇಲೆ ಎಡಗಡೆ. ಎಡಗಾಜು ಎಷ್ಟು ಒರೆಸಿದರೂ ತಿಳಿಯಾಗದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ನಾನು ಒಂದು ದುರ್ಬೀನು. ಯಾವುದೋ ದೂರದೂರಿನ ಕಾರ್ಖಾನೆಯಲ್ಲಿ ಎರಡು ಒಳ್ಳೆಯ ಕಣ್ಣುಗಳೊಂದಿಗೇ ಹುಟ್ಟಿದೆ. ಬಂದರಿನ ಅಂಗಡಿಯಿಂದ ನನ್ನನ್ನು ತಂದವನು ಶೇವಂತಿಯ ಅಪ್ಪ, ದೋಣಿ ನಡೆಸುವ ತಾಂಡೇಲ. ನೀರಿನ ಮೇಲೆ ಹಕ್ಕಿಗಳು ಮುಗಿಬಿದ್ದಲ್ಲಿ ಕೆಳಗೆ ಮೀನು ಇರುತ್ತದೆ. ಆ ಹಕ್ಕಿಗಳನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು. ಉಪ್ಪುಗಾಳಿ ಕುಡಿದೂ ಕುಡಿದೂ ಎಡಗಣ್ಣಿಗೆ ಬೂಷ್ಟು ಹಿಡಿಯಿತು. ಅವನು ತೀರಿಕೊಂಡ ಮೇಲೆ ದೋಣಿ ಅವನ ತಮ್ಮ ಉಮಾಕಾಂತನ ಪಾಲಾಯಿತು. ನಾನು ಮಗಳ ಕೊರಳಿಗೆ ಬಂದೆ.

ಕಾಡು ಇಳಿದು ಬಂದು ಕಡಲಿಗೆ ತಾಗುವ ಕಡೆ, ಮೀನು ಒಣಗಿಸುವ ಅಂಗಳದ ಪಕ್ಕ, ಎತ್ತರದ ಗಾಳಿಮರವಿದೆ. ಅದರ ತುದಿಯಲ್ಲಿ ಕಡಲ ಹದ್ದಿನ ಗೂಡು. ಸಂಜೆ ನಾವಿಬ್ಬರೂ ಅದನ್ನೇ ನೋಡುತ್ತೇವೆ. ಮೊನ್ನೆ ಗೂಡಿನಂಚಿನಿಂದ ಬಿಳಿ ತುಪ್ಪುಳಿನ ತಲೆಯೊಂದು ಇಣುಕಿತು. ಶೇವಂತಿ ನನ್ನನ್ನು ಕಣ್ಣಿಗೆ ಇನ್ನಷ್ಟು ಒತ್ತಿ ಹಿಡಿದಳು. ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು?

ಇಂದು ಉಮಾಕಾಂತ ಆ ಮರ ಕಡಿಸಲು ಗರಗಸದವನನ್ನು ಕರೆತಂದ. ಹದ್ದು ತಿಂದು ಬೀಳಿಸುವ ಹಾವಿನ ಮೂಳೆ, ಹಿಕ್ಕೆ, ಎಲ್ಲ ಒಣಮೀನಿನ ಮೇಲೆಯೇ.

"ಚಿಕ್ಕಪ್ಪ, ಗೂಡಲ್ಲಿ ಮರಿ ಅದೆ."

ಅವನು ನಿಂತ. ಮರಿಯಿರುವ ಮರ ಕಡಿದರೆ ಬಲೆ ಬರಿದಾಗುತ್ತದೆಂದು ಇಲ್ಲಿಯವರ ನಂಬಿಕೆ. "ಎಲ್ಲದೆ? ತಾ ಇಲ್ಲಿ."

ದೂರದ್ದನ್ನು ಒಂದೇ ಕಣ್ಣಲ್ಲಿ ನೋಡುವುದು ಅವನ ರೂಢಿ. ಬಲಗಣ್ಣು ಮುಚ್ಚಿ, ಎಡಗಣ್ಣನ್ನು ನನ್ನ ಕುರುಡುಗಣ್ಣಿಗೆ ಇಟ್ಟ.

"ಮರಿಯಂತೆ ಮರಿ! ಬರೀ ಮಂಜು. ನಿಂಗೆ ಹಗಲಲ್ಲೇ ಕನಸು ಬೀಳ್ತದೆ ಮಾರಾಯ್ತಿ."

"ಹದ್ದಿನ ಬಾಣಂತನ ಮಾಡೂಕೆ ಹೊರಟದೆ ಹುಡ್ಗಿ," ಎಂದು ಗರಗಸದವನು ನಕ್ಕ.

ಉಮಾಕಾಂತ ನನ್ನನ್ನು ಶೇವಂತಿಯ ಕೈಗೆ ತುರುಕಿದ. ಗಂಡಸರಿಬ್ಬರೂ ಬೆನ್ನು ತಿರುಗಿಸಿ ಮರದ ಬುಡಕ್ಕೆ ಹೋದರು.

ನನಗೆ ವಯಸ್ಸಾಯಿತು. ದೂರದ್ದನ್ನು ಹತ್ತಿರ ತರುವುದು ನನಗೆ ಗೊತ್ತು. ಹತ್ತಿರವಿದ್ದವರನ್ನು ಹತ್ತಿರ ತರಲು ಈವರೆಗೂ ಆಗಲಿಲ್ಲ.

ಗರಗಸ ಗುರ್ರೆಂದಿತು. ಮೇಲೆ ಹದ್ದು ಕೂಗುತ್ತ ಸುತ್ತುಹಾಕಿತು. ಆಗ ಶೇವಂತಿ ಓಡಿಬಂದು, ನನ್ನನ್ನು ಎರಡೂ ಕೈಯಲ್ಲಿ ಚಿಕ್ಕಪ್ಪನ ಬೆನ್ನಿನ ಕಡೆ ಚಾಚಿದಳು.

"ಬಲಬದಿಯ ಗಾಜಿಂದ ನೋಡು, ಚಿಕ್ಕಪ್ಪ."

ಮರದ ಹೊಟ್ಟು ನನ್ನ ಗಾಜಿನ ಮೇಲೆ ಉದುರಿತು.

"ಒಂದ್ಸಲ ನೋಡು."